ಪ್ಲಾಟ್‌ಫಾರ್ಮ್ ಇಳೀತಿದೆ ಅಂದಾಗ ಮೊದಲು ಟೇಪ್ ಹಿಡಿಯಿರಿ

ರಾತ್ರಿ ಪಾಳಿಯವರು ಬಿಟ್ಟು ಹೋಗುವಾಗ ಹ್ಯಾಂಗರ್‌ನಲ್ಲಿ, ಅಂದರೆ ವಿಮಾನ ದುರಸ್ತಿ ಮಾಡುವ ಶೆಡ್‌ನಲ್ಲಿ, ವಿಮಾನದ ರೆಕ್ಕೆಯ ಕೆಳಗೆ ನಿಂತು ಕೆಲಸ ಮಾಡುವ ಪ್ಲಾಟ್‌ಫಾರ್ಮ್ ಸರಿಯಾಗೇ ಇತ್ತು. ಬೆಳಿಗ್ಗೆ ಬಂದು ನೋಡಿದರೆ ಪ್ಲಾಟ್‌ಫಾರ್ಮ್‌ಗೂ ರೆಕ್ಕೆಗೂ ನಡುವಿನ ಸಂದು ನಾಲ್ಕು ಬೆರಳು ಜಾಸ್ತಿಯಾಗಿದೆ. ಪ್ಲಾಟ್‌ಫಾರ್ಮ್ ಎತ್ತುವ ಸಿಲಿಂಡರ್‌ನ ಸೀಲ್ (ಆಯಿಲ್ ಸೋರದಂತೆ ತಡೆಯುವ ರಬ್ಬರ್ ಬಳೆ) ಹೋಗಿದೆ ಅಂತ ಅಲ್ಲೇ ತೀರ್ಪು ಕೊಟ್ಟಾಯಿತು. ನಾನೂ ಅದಕ್ಕೆ ತಲೆಯಾಡಿಸಿದವನೇ. ಸೀಲ್ ಬದಲಾಯಿಸುವುದರಲ್ಲಿ ಒಂದು ದಿನ ಹೋಯಿತು. ಹಳೆ ಸೀಲನ್ನು ಕೈಯಲ್ಲಿ ಹಿಡಿದು ನೋಡಿದರೆ ಹೊಸದರ ಹಾಗೇ ಇತ್ತು! ಆಮೇಲೆ ತಿಳಿಯಿತು, ರಾತ್ರಿ ಆ ವಿಮಾನದ ಟ್ಯಾಂಕಿನಿಂದ ಇಂಧನ ತೆಗೆದಿದ್ದರು. ಭಾರ ಇಳಿದ ಮೇಲೆ ರೆಕ್ಕೆ ಮೇಲೆದ್ದಿತ್ತು. ಪ್ಲಾಟ್‌ಫಾರ್ಮ್ ಒಂದು ಮಿಲಿಮೀಟರ್ ಕೂಡ ಕದಲಿರಲಿಲ್ಲ.

ಅವತ್ತಿನಿಂದ ಸ್ಪ್ಯಾನರ್ ಹಿಡಿಯುವ ಮೊದಲು ಅಳತೆ ಟೇಪ್ ಹಿಡಿಯುವುದು ನನಗೆ ಅಭ್ಯಾಸವಾಗಿದೆ. ಈ ಬರಹ ಹ್ಯಾಂಗರ್‌ನಲ್ಲಿ ಪ್ರಯಾಣಿಕ ವಿಮಾನದ ಸುತ್ತ ನಿಲ್ಲಿಸುವ ಪ್ಲಾಟ್‌ಫಾರ್ಮ್‌ಗಳ ಬಗ್ಗೆ. ಗಾಲಿ ಮೇಲೆ ತಳ್ಳಿಕೊಂಡು ಹೋಗುವ ಹೈಡ್ರಾಲಿಕ್ ಸ್ಟ್ಯಾಂಡ್, ಕತ್ತರಿಯಂತೆ ಮಡಚಿ ಬಿಚ್ಚುವ ಸಿಸರ್ ಲಿಫ್ಟ್, ಮೂತಿ-ರೆಕ್ಕೆ-ಬಾಲಕ್ಕೆ ಬೇರೆ ಬೇರೆಯಾಗಿ ಬರುವ ಡಾಕಿಂಗ್ ಅಟ್ಟಣಿಗೆ, ಮಾಡಿನಿಂದ ನೇತಾಡುವ ಟೆಲಿಪ್ಲಾಟ್‌ಫಾರ್ಮ್, ಎಲ್ಲ ಸೇರಿ. ಕಂಪನಿ ಕೊಟ್ಟ ಕೈಪಿಡಿ ನಿಮ್ಮ ಹತ್ತಿರ ಇದ್ದೇ ಇರುತ್ತದೆ. ಬಿಡಿಭಾಗ ಬಿಚ್ಚುವ ಕ್ರಮ, ಒತ್ತಡದ ಅಂಕಿ ಎಲ್ಲ ಅದರಲ್ಲೇ ನೋಡಿ. ಎಲ್ಲಿಂದ ಹುಡುಕಲು ಶುರು ಮಾಡಬೇಕು ಅನ್ನುವುದಷ್ಟೇ ಇಲ್ಲಿದೆ.

ಮುಟ್ಟುವ ಮೊದಲು

ಪ್ಲಾಟ್‌ಫಾರ್ಮ್ ಮೇಲೆ ಯಾರೂ ಇರಬಾರದು. ಆಗುವುದಾದರೆ ಅದನ್ನು ವಿಮಾನದಿಂದ ಒಂದೆರಡು ಮೀಟರ್ ದೂರ ಎಳೆದುಕೊಳ್ಳಿ, ಪರೀಕ್ಷೆ ಮಾಡುವಾಗ ಅದು ತಾನಾಗಿ ಏರಿದರೂ ಇಳಿದರೂ ಯಾವುದಕ್ಕೂ ತಾಗುವುದಿಲ್ಲ. ಸಿಸರ್ ಲಿಫ್ಟ್ ಕೆಳಗೆ ಕೈ ಹಾಕಬೇಕು ಅಂದರೆ ಆಸರೆ ಕಂಬಿ ಹಾಕದೆ ಹಾಕಬೇಡಿ, ಅದಕ್ಕೇ ಅಂತ ಚೌಕಟ್ಟಿನಲ್ಲಿ ಒಂದು ಕಂಬಿ ಇಟ್ಟಿರುತ್ತಾರೆ. "ಎರಡೇ ನಿಮಿಷ" ಅಂತ ಹೇಳುವವನೇ ಆ ಕಂಬಿ ಹಾಕದವನು. ಮೇನ್ ಸ್ವಿಚ್ ಆಫ್ ಮಾಡಿ ಬೀಗ ಹಾಕಿ, ನಿಮ್ಮ ಹೆಸರಿನ ಚೀಟಿ ಕಟ್ಟಿ.

ಇನ್ನೊಂದು ವಿಷಯ ಹ್ಯಾಂಗರ್‌ಗೇ ವಿಶೇಷ. ಇಂಧನ ಟ್ಯಾಂಕ್ ತೆರೆದಿರುವಾಗ ಪ್ಲಾಟ್‌ಫಾರ್ಮ್‌ನ ವಿದ್ಯುತ್ ಪೆಟ್ಟಿಗೆ ತೆರೆದು ಮೀಟರ್ ಹಿಡಿಯಬೇಡಿ. ಇಂಧನದ ಆವಿ ಗಾಳಿಗಿಂತ ಭಾರ, ನೆಲದ ಹತ್ತಿರವೇ ಹರಡಿಕೊಳ್ಳುತ್ತದೆ. ಅಮೆರಿಕದ ವಿದ್ಯುತ್ ನಿಯಮದಲ್ಲಿ ಹ್ಯಾಂಗರ್ ನೆಲದಿಂದ 18 ಇಂಚು ಎತ್ತರದವರೆಗೆ, ಜೊತೆಗೆ ಎಂಜಿನ್ ಮತ್ತು ಟ್ಯಾಂಕ್ ಸುತ್ತ 5 ಅಡಿವರೆಗೆ ಕಿಡಿ ಅಪಾಯದ ಜಾಗ ಅಂತ ಗುರುತಿಸಿರುವುದು ಸುಮ್ನೆ ಅಲ್ಲ. ಪ್ಲಾಟ್‌ಫಾರ್ಮ್‌ನ ಪವರ್ ಪ್ಯಾಕ್ (ಮೋಟರ್, ಪಂಪ್, ಆಯಿಲ್ ಟ್ಯಾಂಕ್ ಇರುವ ಭಾಗ) ಸಾಮಾನ್ಯವಾಗಿ ಎಲ್ಲಿರುತ್ತದೆ ಹೇಳಿ? ನೆಲದ ಹತ್ತಿರವೇ ಅಲ್ವಾ.

ಟೇಪ್ ಪರೀಕ್ಷೆ

ಹತ್ತು ನಿಮಿಷದ ಕೆಲಸ. ನೆಲದ ಮೇಲೆ ಮಾರ್ಕರ್‌ನಿಂದ ಒಂದು ಗುರುತು ಹಾಕಿ. ಅದರ ನೇರ ಮೇಲೆ ಪ್ಲಾಟ್‌ಫಾರ್ಮ್ ಚೌಕಟ್ಟಿನಲ್ಲಿ ಇನ್ನೊಂದು. ಎರಡರ ನಡುವಿನ ಎತ್ತರ ಬರೆದುಕೊಳ್ಳಿ. ನಾಲ್ಕೂ ಮೂಲೆಯಲ್ಲಿ ಹೀಗೇ ಮಾಡಿ. ನೆಲದ ಗುರುತು ಬೇಕೇ ಬೇಕು, ಯಾಕೆಂದರೆ ಹ್ಯಾಂಗರ್ ನೆಲ ಚರಂಡಿ ಕಡೆಗೆ ಸ್ವಲ್ಪ ಇಳಿಜಾರಾಗಿರುತ್ತದೆ. ಒಂದಡಿ ಪಕ್ಕದಲ್ಲಿ ಅಳೆದರೂ ಲೆಕ್ಕ ತಪ್ಪುತ್ತದೆ. ನಂತರ ವಿಮಾನದ ಮೇಲೆ ಒಂದು ಖಾಯಂ ಜಾಗ ಆರಿಸಿಕೊಂಡು ನೆಲದಿಂದ ಅದರ ಎತ್ತರ ಅಳೆಯಿರಿ, ವಿಮಾನದ ಮೈ ಮೇಲೆ ಮಾತ್ರ ಗೀರಬೇಡಿ, ಯಾವುದಾದರೂ ಪ್ಯಾನೆಲ್ ಅಂಚೋ ರಿವೆಟ್ ಸಾಲೋ ಸಾಕು. ಕೊನೆಯದಾಗಿ ಆಗಿನ ಉಷ್ಣಾಂಶ ಮತ್ತು ಗಂಟೆ.

ನಾಲ್ಕೈದು ಗಂಟೆ ಬಿಟ್ಟು ಮತ್ತೆ ಅಳೆಯಿರಿ. ಪ್ಲಾಟ್‌ಫಾರ್ಮ್ ಎತ್ತರ ಹಾಗೇ ಇದ್ದು ವಿಮಾನದ ಎತ್ತರ ಬದಲಾಗಿದ್ದರೆ ನಿಮ್ಮ ಹೈಡ್ರಾಲಿಕ್ ಮುಟ್ಟುವ ಕೆಲಸವೇ ಇಲ್ಲ. ವಿಮಾನ ಏಳಲು, ಕೂರಲು ಕಾರಣ ಒಂದೆರಡಲ್ಲ. ಏರ್‌ಬಸ್ ಎ320ರ ಟ್ಯಾಂಕುಗಳು ತುಂಬಿದಾಗ ಸುಮಾರು 24000 ಲೀಟರ್ ಇಂಧನ ಹಿಡಿಯುತ್ತವೆ, ತೂಕದಲ್ಲಿ 19 ಟನ್ ಹತ್ತಿರ. ಅಷ್ಟನ್ನು ತೆಗೆದರೆ ಲ್ಯಾಂಡಿಂಗ್ ಗೇರ್ ಒಳಗಿನ ಶಾಕ್ ಸ್ಟ್ರಟ್ ಉದ್ದವಾಗುತ್ತದೆ, ಬಾಗಿದ್ದ ರೆಕ್ಕೆಯೂ ನೆಟ್ಟಗಾಗುತ್ತದೆ. ಎಂಜಿನ್ ಇಳಿಸಿದರೆ ಒಂದಕ್ಕೆ ಎರಡು ಟನ್‌ಗಿಂತ ಜಾಸ್ತಿ ಹೋಯಿತು. ಸ್ಟ್ರಟ್ ಒಳಗಿನ ನೈಟ್ರೋಜನ್ ರಾತ್ರಿ ತಣ್ಣಗಾದರೆ ವಿಮಾನ ಸ್ವಲ್ಪ ಕೂರುತ್ತದೆ. ಇದು ಅಪಾಯದ ಕಡೆ, ಏಕೆಂದರೆ ವಿಮಾನ ಕೂತರೆ ಪ್ಲಾಟ್‌ಫಾರ್ಮ್ ಅಂಚಿನ ಮೇಲೇ ಕೂರಬಹುದು. ವಿಮಾನವನ್ನು ಜ್ಯಾಕ್ ಮೇಲೆ ಏರಿಸುವಾಗ, ಇಳಿಸುವಾಗ ಡಾಕಿಂಗ್‌ನ ಸಂದು ಮುಚ್ಚುವ ಜಾರುಹಲಗೆಗಳನ್ನು ಹಿಂದಕ್ಕೆ ಎಳೆದಿರಬೇಕು ಅನ್ನುವುದು ಇದಕ್ಕೇ.

ಎರಡೂ ಎತ್ತರ ಬದಲಾಗಿದ್ದರೆ? ಆಗ ಗುರುತು ಹಾಕಿದ ನೆಲವನ್ನೇ ನೋಡಿ. ಒಂದು ಸಲ ಸ್ಟೆಬಿಲೈಸರ್‌ನ (ಪ್ಲಾಟ್‌ಫಾರ್ಮ್ ಅಲುಗದಂತೆ ನೆಲಕ್ಕೆ ಊರುವ ಕಾಲಿನ) ಪಾದ ಚರಂಡಿ ಮುಚ್ಚಳದ ಮೇಲೆ ಕೂತಿತ್ತು. ಮುಚ್ಚಳ ನಿಧಾನಕ್ಕೆ ಬಾಗುತ್ತಿತ್ತು. ಜೊತೆಗೆ ವಿಮಾನವೂ ಖಾಲಿಯಾಗುತ್ತಿತ್ತು. ಎರಡು ತಪ್ಪು ಒಟ್ಟಿಗೆ ಇದ್ದದ್ದರಿಂದ ತಲೆ ಕೆಟ್ಟು ಹೋಗಿತ್ತು.

ನಿಜವಾಗಿ ಇಳೀತಿದ್ದರೆ

ಪ್ಲಾಟ್‌ಫಾರ್ಮ್ ಎತ್ತರವೇ ಕಡಿಮೆಯಾಗಿದೆ ಅಂತ ಟೇಪ್ ಹೇಳಿತು ಅಂದುಕೊಳ್ಳಿ. ಆಗಲೂ ಸೀಲ್‌ಗೆ ಕೈ ಹಾಕಬೇಡಿ. ಬರೆದುಕೊಂಡ ಉಷ್ಣಾಂಶ ನೋಡಿ.

ಹೈಡ್ರಾಲಿಕ್ ಆಯಿಲ್ ಒಂದು ಡಿಗ್ರಿ ಸೆಲ್ಸಿಯಸ್ ತಣ್ಣಗಾದರೆ ಗಾತ್ರದಲ್ಲಿ ಸುಮಾರು ಶೇಕಡಾ 0.07ರಷ್ಟು ಕುಗ್ಗುತ್ತದೆ. ಸಿಲಿಂಡರ್ ಒಳಗೆ ಒಂದು ಮೀಟರ್ ಎತ್ತರದ ಆಯಿಲ್ ಇದೆ, ಸಂಜೆಯಿಂದ ಬೆಳಿಗ್ಗೆಗೆ 10 ಡಿಗ್ರಿ ಇಳಿಯಿತು ಅಂದರೆ 7 ಮಿಮೀ ಹೋಯಿತು. ಎಲ್ಲೂ ಒಂದು ಹನಿ ಸೋರಿಲ್ಲ. ಸಿಸರ್ ಲಿಫ್ಟ್‌ನಲ್ಲಿ ಸಿಲಿಂಡರ್ ಒಂದು ಪಾಲು ಚಲಿಸಿದರೆ ಮೇಲಿನ ಹಲಗೆ ಅದರ ಕೆಲವು ಪಟ್ಟು ಚಲಿಸುತ್ತದೆ, ಹಾಗಾಗಿ ಆ 7 ಮಿಮೀ ಮೇಲೆ ಎರಡು ಸೆಂಟಿಮೀಟರ್ ಆಗಿ ಕಂಡರೆ ಆಶ್ಚರ್ಯವೇನಿಲ್ಲ. ದಿನವಿಡೀ ಬಳಸಿ ಬಿಸಿಯಾದ ಆಯಿಲ್‌ನಲ್ಲೇ ಏರಿಸಿ ನಿಲ್ಲಿಸಿದ್ದರೆ ಇನ್ನೂ ಜಾಸ್ತಿ.

ಇದನ್ನು ಸೋರಿಕೆಯಿಂದ ಬೇರೆ ಮಾಡುವುದು ಸುಲಭ. ಬಿಸಿಲೇರಿ ಹ್ಯಾಂಗರ್ ಬೆಚ್ಚಗಾದ ಮೇಲೆ ಪ್ಲಾಟ್‌ಫಾರ್ಮ್ ಪೂರ್ತಿ ಅಲ್ಲದಿದ್ದರೂ ಸ್ವಲ್ಪ ತಾನಾಗೇ ಮೇಲೆ ಬರುತ್ತದೆ. ಸೋರಿಕೆಯಿಂದ ಇಳಿದದ್ದು ಯಾವತ್ತೂ ವಾಪಸ್ ಬರುವುದಿಲ್ಲ. ಇನ್ನೂ ಒಂದು ಸುಳಿವು ಇದೆ. ತಣ್ಣಗಾಗಿ ಇಳಿಯುವುದು ಮೊದಲೆರಡು ಗಂಟೆ ಜೋರಾಗಿದ್ದು ಆಮೇಲೆ ನಿಂತುಬಿಡುತ್ತದೆ. ಸೋರಿಕೆ ಒಂದೇ ಸಮನೆ ಇಳಿಯುತ್ತಲೇ ಇರುತ್ತದೆ. ಗಂಟೆಗೊಮ್ಮೆ ಅಳೆದರೆ ಮೂರ್ನಾಲ್ಕು ಅಂಕಿಯಲ್ಲೇ ಗೊತ್ತಾಗುತ್ತದೆ. ಪ್ಲಾಟ್‌ಫಾರ್ಮ್‌ನಲ್ಲಿ ಎತ್ತರ ಹಿಡಿಯುವ ಲಾಕ್ ಪಿನ್ ಇದ್ದರೆ ಈ ತಲೆನೋವೇ ಇಲ್ಲ, ಹಾಕಿದರೆ ಸಾಕು. ಆದರೆ ಪಿನ್ ಸರಪಳಿಯಲ್ಲಿ ನೇತಾಡುತ್ತಿರುವುದನ್ನೇ ನಾನು ಜಾಸ್ತಿ ನೋಡಿರುವುದು.

ಸೋರಿಕೆಯೇ ಅಂತ ಖಾತ್ರಿಯಾದರೆ ಮೊದಲು ಹೊರಗಿನದು. ಹೋಸ್, ಜಾಯಿಂಟ್, ಸಿಲಿಂಡರ್ ಕುತ್ತಿಗೆ, ಒರೆಸಿ ಒಣಗಿಸಿ, ಏರಿಸಿ, ಅರ್ಧ ಗಂಟೆ ಬಿಟ್ಟು ನೋಡಿ. ಹುಡುಕುವಾಗ ಕೈಯನ್ನು ಹೋಸ್ ಮೇಲೆ ಓಡಿಸಬೇಡಿ. ಸೂಜಿ ತೂತಿನಿಂದ ಒತ್ತಡದಲ್ಲಿ ಬರುವ ಆಯಿಲ್ ಕೈಗವಸನ್ನೂ ತೂರಿ ಚರ್ಮದೊಳಗೆ ಹೋಗುತ್ತದೆ. ಹೊರಗೆ ಸೊಳ್ಳೆ ಕಚ್ಚಿದಷ್ಟೇ ಕಾಣುತ್ತದೆ, ನೋವೂ ಮೊದಲಿಗೆ ಅಷ್ಟಿರುವುದಿಲ್ಲ, ಆದರೆ ಅದು ಬೆರಳನ್ನೇ ಕಳೆದುಕೊಳ್ಳುವ ಗಾಯ. ಹಾಗೇನಾದರೂ ಆದರೆ ನೇರ ಆಸ್ಪತ್ರೆ, ಕಾಯುವ ಮಾತೇ ಇಲ್ಲ. ರಟ್ಟಿನ ತುಂಡು ಹಿಡಿದು ನೋಡಿ, ಕಲೆ ಬಿದ್ದಲ್ಲಿ ತೂತು.

ಹೊರಗೆಲ್ಲೂ ಇಲ್ಲ ಅಂದರೆ ಆಯಿಲ್ ಒಳಗೇ ಟ್ಯಾಂಕಿಗೆ ವಾಪಸ್ ಹೋಗುತ್ತಿದೆ. ಈಗ ಎಲ್ಲಕ್ಕಿಂತ ಅಗ್ಗದ ಕಾರಣ ಮೊದಲು. ತುರ್ತಾಗಿ ಇಳಿಸಲು ಇರುವ ಕೈತಿರುಗಣೆ ಪೂರ್ತಿ ಮುಚ್ಚಿದೆಯಾ? ಯಾರೋ ಕರೆಂಟ್ ಹೋದಾಗ ಅದನ್ನು ಬಳಸಿ, ಆಮೇಲೆ ಕಾಲು ಸುತ್ತು ಬಿಟ್ಟಿರುತ್ತಾರೆ. ಹ್ಯಾಂಡ್ ಪಂಪ್ ಸ್ಟ್ಯಾಂಡ್‌ಗಳಲ್ಲಂತೂ ದೂರುಗಳಲ್ಲಿ ದೊಡ್ಡ ಪಾಲು ಇದೇ.

ಅದು ಸರಿ ಇದ್ದರೆ ಇಳಿಸುವ ಸೊಲೆನಾಯ್ಡ್ ವಾಲ್ವ್, ಅಂದರೆ ಕಾಯಿಲ್‌ಗೆ ಕರೆಂಟ್ ಕೊಟ್ಟಾಗ ತೆರೆಯುವ ವಾಲ್ವ್. ಅದರ ಕನೆಕ್ಟರ್ ಕಿತ್ತು ನೋಡಿ. ಇಳಿಯುವುದು ನಿಂತರೆ ವಾಲ್ವ್ ತಪ್ಪಿಲ್ಲ, ಯಾವುದೋ ರಿಲೇ (ಕರೆಂಟಿನಿಂದ ಓಡುವ ಸ್ವಿಚ್) ಅಂಟಿಕೊಂಡು ಕಾಯಿಲ್‌ಗೆ ವೋಲ್ಟೇಜ್ ಕೊಡುತ್ತಿದೆ. ನಿಲ್ಲದಿದ್ದರೆ ವಾಲ್ವ್ ಸೀಟಿನ ಮೇಲೆ ಕಸ ಕೂತಿರಬಹುದು. ಹ್ಯಾಂಗರ್‌ನಲ್ಲಿ ದಿನವಿಡೀ ಡ್ರಿಲ್ ಓಡುತ್ತದೆ, ಅಲ್ಯೂಮಿನಿಯಂ ಪುಡಿ ಎಲ್ಲೆಲ್ಲೂ ಇರುತ್ತದೆ, ಟ್ಯಾಂಕ್ ಮುಚ್ಚಳ ತೆರೆದಿಟ್ಟು ಆಯಿಲ್ ಹಾಕುವಾಗ ಅದೇ ಒಳಗೆ ಬೀಳುತ್ತದೆ. ನಾಲ್ಕೈದು ಸಲ ಪೂರ್ತಿ ಏರಿಸಿ ಇಳಿಸಿದರೆ ಕೆಲವೊಮ್ಮೆ ಕೊಚ್ಚಿಕೊಂಡು ಹೋಗುತ್ತದೆ. ಹೋಯಿತಲ್ಲ ಅಂತ ಖುಷಿಪಟ್ಟು ಬಿಟ್ಟರೆ ವಾರದಲ್ಲಿ ಮತ್ತೆ ಬರುತ್ತದೆ, ಆಯಿಲ್ ಮತ್ತು ಫಿಲ್ಟರ್ ಬದಲಿಸಲೇಬೇಕು.

ಇನ್ನೂ ಉಳಿದರೆ ಸಿಲಿಂಡರ್ ಬಾಯಲ್ಲಿ ಮುಚ್ಚುವ ವಾಲ್ವ್ ಇದ್ದರೆ ಅದನ್ನು ಮುಚ್ಚಿ. ಇಳಿಯುವುದು ನಿಂತರೆ ತಪ್ಪು ವಾಲ್ವ್ ಬ್ಲಾಕಿನ ಕಡೆ, ನಿಲ್ಲದಿದ್ದರೆ ಸಿಲಿಂಡರ್. ಒಂದೇ ಕಡೆಯಿಂದ ಒತ್ತಡ ಬರುವ ಪಿಸ್ಟನ್ ಸಿಲಿಂಡರ್ ಆದರೆ ಎದುರು ಬದಿಯಲ್ಲಿ ಗಾಳಿ ಆಡಲು ಒಂದು ಸಣ್ಣ ದಾರಿ ಇರುತ್ತದೆ. ಪಿಸ್ಟನ್ ಸೀಲ್ ಹೋಗಿದ್ದರೆ ಆಯಿಲ್ ಅಲ್ಲಿಂದ ಬರುತ್ತದೆ. ಆ ಕೊಳವೆ ಒಣಗಿದೆಯಾ? ಹಾಗಾದರೆ ಸೀಲ್ ಬಿಚ್ಚಬೇಡಿ. ನನ್ನ ಆ ಒಂದು ದಿನ ಉಳಿಯುತ್ತಿತ್ತು, ಈ ಕೊಳವೆಗೆ ಬೆರಳು ಮುಟ್ಟಿಸಿದ್ದರೆ.

ಸೀಲ್ ಪದೇ ಪದೇ ಹೋಗುತ್ತಿದ್ದರೆ

ಇದು ಹ್ಯಾಂಗರ್ ಬಿಟ್ಟು ಬೇರೆ ಕಡೆ ಅಷ್ಟಾಗಿ ಸಿಗದ ರೋಗ. ಪ್ರಯಾಣಿಕ ವಿಮಾನಗಳ ಹೈಡ್ರಾಲಿಕ್‌ನಲ್ಲಿ ಸಾಮಾನ್ಯವಾಗಿ ಇರುವುದು ಸ್ಕೈಡ್ರಾಲ್‌ನಂಥ ಫಾಸ್ಫೇಟ್ ಎಸ್ಟರ್ ದ್ರವ, ನೇರಳೆ ಬಣ್ಣದ್ದು. ಪ್ಲಾಟ್‌ಫಾರ್ಮ್‌ನಲ್ಲಿ ಇರುವುದು ಬಹುತೇಕ ಖನಿಜ ತೈಲ. ಎರಡಕ್ಕೂ ಆಗಿಬರುವುದಿಲ್ಲ. ಖನಿಜ ತೈಲಕ್ಕೆ ಹಾಕುವ ನೈಟ್ರೈಲ್ ರಬ್ಬರ್ ಸೀಲ್ ಫಾಸ್ಫೇಟ್ ಎಸ್ಟರ್ ತಾಗಿದರೆ ಊದಿ ಮೆತ್ತಗಾಗುತ್ತದೆ. ಸ್ಕೈಡ್ರಾಲ್‌ಗೆ ಹೊಂದುವ ಇಪಿಡಿಎಂ ರಬ್ಬರ್ ಸೀಲ್ ಖನಿಜ ತೈಲದಲ್ಲಿ ಊದುತ್ತದೆ. ಅಂದರೆ "ಒಳ್ಳೆ ಸೀಲ್" ಹಾಕುತ್ತೇನೆ ಅಂತ ವಿಮಾನದ ಸ್ಟೋರಿನಿಂದ ತಂದು ಹಾಕಿದರೂ ಕೆಟ್ಟಿತು, ಆಯಿಲ್ ಕಡಿಮೆ ಇದೆ ಅಂತ ವಿಮಾನದ ದ್ರವ ಅರ್ಧ ಉಳಿದ ಡಬ್ಬಿಯಿಂದ ಸುರಿದರೂ ಕೆಟ್ಟಿತು.

ಬಣ್ಣ ನೋಡಿ ನಿರ್ಧರಿಸಲು ಹೋಗಬೇಡಿ, ಹಳೆಯದಾದರೆ ಎಲ್ಲವೂ ಕಂದು. ಸ್ವಲ್ಪ ನೀರಿನ ಲೋಟಕ್ಕೆ ಒಂದೆರಡು ಹನಿ ಹಾಕಿ. ಖನಿಜ ತೈಲ ಹಗುರ, ಮೇಲೆ ಚೊಕ್ಕವಾಗಿ ತೇಲುತ್ತದೆ. ಫಾಸ್ಫೇಟ್ ಎಸ್ಟರ್ ಹೆಚ್ಚುಕಡಿಮೆ ನೀರಿನಷ್ಟೇ ಭಾರ, ಹಾಗೆ ತೇಲದೆ ನೀರಿನೊಳಗೆ ಗುಂಡುಗುಂಡಾಗಿ ತೂಗಾಡುತ್ತದೆ. ಇದು ಅನುಮಾನ ಹುಟ್ಟಿಸಲು ಸಾಕು, ಖಚಿತವಾಗಬೇಕಾದರೆ ಮಾದರಿಯನ್ನು ಲ್ಯಾಬ್‌ಗೆ ಕಳಿಸಿ. ಕೈಗವಸು, ಕನ್ನಡಕ ಹಾಕಿಕೊಳ್ಳಿ, ಕಣ್ಣಿಗೆ ಬಿದ್ದರೆ ಆ ಉರಿ ಬೇಡವೇ ಬೇಡ. ಬೆರಕೆ ಆಗಿರುವುದು ಖಚಿತವಾದರೆ ಆಯಿಲ್ ಬದಲಿಸಿದರೆ ಮುಗಿಯುವುದಿಲ್ಲ, ಎಲ್ಲ ಸೀಲ್, ಹೋಸ್ ತೆಗೆದು, ಇಡೀ ವ್ಯವಸ್ಥೆ ತೊಳೆಯಬೇಕು.

ಒಳಗೆ ಬೆರೆಯದಿದ್ದರೂ ಮೇಲಿನಿಂದ ಸುರಿಯುತ್ತದೆ. ಚಕ್ರದ ಗೂಡಿನ ಕೆಳಗೆ ನಿಲ್ಲುವ ಪ್ಲಾಟ್‌ಫಾರ್ಮ್‌ಗಳಿಗೆ ಇದು ನಿತ್ಯದ ಅಭಿಷೇಕ. ಬಣ್ಣ ಎದ್ದು ಬರುತ್ತದೆ, ವೈರಿನ ಪಿವಿಸಿ ಹೊದಿಕೆ ಮೆತ್ತಗಾಗುತ್ತದೆ. ಆರು ತಿಂಗಳ ಮೇಲೆ ಕಾರಣವಿಲ್ಲದೆ ಲಿಮಿಟ್ ಸ್ವಿಚ್ (ಮಿತಿ ಮುಟ್ಟಿದಾಗ ಚಲನೆ ನಿಲ್ಲಿಸುವ ಸ್ವಿಚ್) ಕೈಕೊಟ್ಟರೆ ಅದರ ಕೇಬಲ್ ಮುಟ್ಟಿ ನೋಡಿ, ಅಂಟಂಟಾಗಿದೆಯಾ ಅಂತ.

ಏರುವುದೇ ಇಲ್ಲ

ಮೋಟರ್ ಓಡುತ್ತಿದೆ, ಪ್ಲಾಟ್‌ಫಾರ್ಮ್ ಏರುತ್ತಿಲ್ಲ. ಹ್ಯಾಂಗರ್‌ನ ಬೇರೆ ಬೇ (ವಿಮಾನ ನಿಲ್ಲಿಸುವ ಜಾಗ) ಕಡೆಗೆ ತಳ್ಳಿಕೊಂಡು ಬಂದ ಮೇಲೆ ಶುರುವಾಯಿತಾ? ಹಾಗಾದರೆ ಮೂರು ಫೇಸ್‌ನಲ್ಲಿ ಎರಡು ಅದಲುಬದಲಾಗಿ ಮೋಟರ್ ಉಲ್ಟಾ ತಿರುಗುತ್ತಿದೆ. ಕೂಡಲೇ ನಿಲ್ಲಿಸಿ, ಉಲ್ಟಾ ತಿರುಗಿದರೆ ಪಂಪ್ ಒಣಗಿ ಸವೆಯುತ್ತದೆ. ಸರಿ ಮಾಡಬೇಕಾದದ್ದು ಆ ಗೋಡೆಯ ಸಾಕೆಟ್ ಅಥವಾ ಯಾರೋ ರಿಪೇರಿ ಮಾಡಿದ ಎಕ್ಸ್‌ಟೆನ್ಶನ್ ಕೇಬಲ್. ಪ್ಲಾಟ್‌ಫಾರ್ಮ್ ಒಳಗೆ ವೈರ್ ಬದಲಿಸಿದಿರೋ, ನಾಳೆ ಹಳೆ ಜಾಗಕ್ಕೆ ಹೋದಾಗ ಅಲ್ಲಿ ಉಲ್ಟಾ ತಿರುಗುತ್ತದೆ. ಹೀಗೆ ಎರಡು ಪಾಳಿಯವರು ವಾರವಿಡೀ ಒಬ್ಬರು ಮಾಡಿದ್ದನ್ನು ಇನ್ನೊಬ್ಬರು ಬಿಚ್ಚುತ್ತಾ ಕಳೆದದ್ದನ್ನು ಕಂಡಿದ್ದೇನೆ.

ಆಯಿಲ್ ಮಟ್ಟ ನೋಡುವುದು ಪೂರ್ತಿ ಇಳಿಸಿದ ಮೇಲೆ. ಏರಿರುವಾಗ ಆಯಿಲ್ ಸಿಲಿಂಡರ್‌ನಲ್ಲಿರುತ್ತದೆ, ಟ್ಯಾಂಕ್ ಖಾಲಿ ಕಾಣುವುದು ಸಹಜ. ಆಗ ತುಂಬಿಸಿದರೆ ಇಳಿಸುವಾಗ ಹ್ಯಾಂಗರ್ ನೆಲಕ್ಕೆ ಎಣ್ಣೆ ಸ್ನಾನ.

ಸಿಸರ್ ಲಿಫ್ಟ್ ತೀರಾ ಕೆಳಗಿನಿಂದ ಏಳುತ್ತಿಲ್ಲ, ಆದರೆ ಅರ್ಧ ಎತ್ತರದಿಂದ ಆರಾಮಾಗಿ ಏರುತ್ತದೆ ಅಂದರೆ ಒತ್ತಡ ಸಾಲುತ್ತಿಲ್ಲ. ಕತ್ತರಿ ಮಡಚಿದಾಗ ಸಿಲಿಂಡರ್ ಹೆಚ್ಚುಕಡಿಮೆ ಮಲಗಿರುತ್ತದೆ, ಅತಿ ಹೆಚ್ಚು ಬಲ ಬೇಕಾಗುವುದು ಅಲ್ಲೇ. ಮೊದಲು ಮೇಲಿರುವ ಭಾರ ನೋಡಿ. ಟೂಲ್ ಟ್ರಾಲಿ, ಕಂಪ್ರೆಸರ್ ಹೋಸ್ ಸುರುಳಿ, ಬಿಚ್ಚಿದ ಫ್ಲ್ಯಾಪ್ ಭಾಗ, ನಾಲ್ಕು ಜನ, ಎಲ್ಲ ಕೂಡಿಸಿ ಫಲಕದ ಮೇಲೆ ಬರೆದ ಭಾರಕ್ಕೆ ಹೋಲಿಸಿ. ಭಾರ ಸರಿಯಿದ್ದರೆ ಹೀರುವ ಜಾಲರಿ ಕಟ್ಟಿರುವುದು, ರಿಲೀಫ್ ವಾಲ್ವ್ (ಒತ್ತಡ ಮಿತಿ ಮೀರದಂತೆ ಬಿಡುವ ವಾಲ್ವ್) ಕಸ, ಪಂಪ್ ಸವೆತ, ಈ ಕ್ರಮದಲ್ಲಿ ಹೋಗಿ. ಜಾಲರಿ ಕಟ್ಟಿದ್ದರೆ ಪಂಪ್ ಕೀರಲು ದನಿಯಲ್ಲಿ ಅಳುತ್ತದೆ. ಆಯಿಲ್ ಮಜ್ಜಿಗೆ ಹಾಗಿದ್ದರೆ ನೀರು ಸೇರಿದೆ, ನೊರೆ ಬಂದಿದ್ದರೆ ಗಾಳಿ. ರಿಲೀಫ್ ವಾಲ್ವ್ ತಿರುಪು ಬಿಗಿ ಮಾಡಿ ಏರಿಸುವ ಉಪಾಯ ಮಾತ್ರ ಬೇಡ. ಏರುತ್ತದೆ ನಿಜ, ಭಾರ ಮಿತಿ ಅನ್ನುವುದೇ ಅಲ್ಲಿಗೆ ಮುಗಿಯಿತು.

ಗಾಳಿ ಒತ್ತಡದಲ್ಲಿ ಓಡುವ ಪಂಪ್ ಇರುವ ಪ್ಲಾಟ್‌ಫಾರ್ಮ್ ರಾತ್ರಿ ಚೆನ್ನಾಗಿ ಏರಿ, ಹಗಲು ಮೊಂಡು ಹಿಡಿದರೆ ಪಕ್ಕದ ಬೇನಲ್ಲಿ ರಿವೆಟ್ ಗುಂಪು ಕೆಲಸ ಮಾಡುತ್ತಿದೆಯಾ ನೋಡಿ. ಅವರೂ ಅದೇ ಗಾಳಿ ಬಳಸುವುದರಿಂದ ಲೈನಿನಲ್ಲಿ ಒತ್ತಡ ಬಿದ್ದಿರುತ್ತದೆ.

ಇಳಿಯುವುದಿಲ್ಲ ಅನ್ನುವ ದೂರು ಅಪರೂಪ. ಬಂದರೆ, ಹೋಸ್ ಒಡೆದಾಗ ಆಯಿಲ್ ಹರಿದುಹೋಗದಂತೆ ತಡೆಯಲು ಸಿಲಿಂಡರ್ ಬಾಯಲ್ಲಿ ಇಟ್ಟಿರುವ ವಾಲ್ವ್ ಬಿಗಿದುಕೊಂಡಿರುತ್ತದೆ. ಸ್ವಲ್ಪ ಮೇಲೆ ಏರಿಸಿದರೆ ಬಿಡುತ್ತದೆ. ಯಾಕೆ ಬಿಗಿದುಕೊಂಡಿತು ಅಂತ ಕೇಳಿಕೊಳ್ಳಿ, ಒಳಗೆ ಗಾಳಿ ಇರಬಹುದು.

ಗುಂಡಿ ಒತ್ತಿದರೆ ಏನೂ ಆಗುವುದಿಲ್ಲ

ಎಮರ್ಜೆನ್ಸಿ ಸ್ಟಾಪ್, ಗೇಟ್ ಸ್ವಿಚ್, ಸ್ಟೆಬಿಲೈಸರ್ ಸ್ವಿಚ್, ಅತಿಭಾರ, ಅಂಚಿನ ಬಂಪರ್, ಇವೆಲ್ಲ ಒಂದೇ ಸರಪಳಿಯಲ್ಲಿ ಪೋಣಿಸಿದ ಹಾಗೆ. ಒಂದು ತೆರೆದರೂ ಎಲ್ಲ ಸತ್ತಂತೆ. ಮೊದಲು ಕಣ್ಣಲ್ಲಿ ನೋಡಿ. ಎಲ್ಲ ಸ್ಟಾಪ್ ಗುಂಡಿಗಳನ್ನೂ ತಿರುಗಿಸಿ ಬಿಡಿಸಿ, ಮೇಲೊಂದು ಕೆಳಗೊಂದು ಇರುತ್ತದೆ, ಬಾಲದ ಡಾಕಿಂಗ್‌ನಲ್ಲಿ ಮಹಡಿಗೊಂದು. ಮೂರನೇ ಮಹಡಿಯ ಗುಂಡಿಯನ್ನು ಯಾರದ್ದೋ ಏಣಿ ಒತ್ತಿಕೊಂಡು ನಿಂತಿರುವುದನ್ನು ಹುಡುಕಲು ಎರಡು ಗಂಟೆ ಮೀಟರ್ ಹಿಡಿದು ಕೂತವರಿದ್ದಾರೆ.

ಗೇಟನ್ನು ನಿಧಾನಕ್ಕೆ ತಳ್ಳಿದ್ದರಿಂದಲೂ ನಿಲ್ಲುತ್ತದೆ. ಸೇಫ್ಟಿ ರಿಲೇ ಎರಡು ದಾರಿಯಲ್ಲಿ ಒಂದೇ ಸ್ವಿಚ್ಚನ್ನು ನೋಡುತ್ತಿರುತ್ತದೆ. ಒಂದು ಮುಚ್ಚಿ ಇನ್ನೊಂದು ತಡವಾದರೆ ಅದಕ್ಕೆ ಅನುಮಾನ ಬಂದು ಲಾಕ್ ಆಗುತ್ತದೆ. ಗೇಟ್ ಪೂರ್ತಿ ತೆರೆದು, ಒಂದೇ ಸಲ ಮುಚ್ಚಿ, ರೀಸೆಟ್ ಒತ್ತಿ. ದಿನಕ್ಕೆ ಮೂರು ಸಲ ಹೀಗಾದರೆ ಗೇಟಿನ ಕೀಲು ಜೋತುಬಿದ್ದಿದೆ, ರಿಲೇ ಬದಲಿಸಬೇಡಿ.

ಆಮೇಲೆ ಮೀಟರ್. ಸರಪಳಿಯ ತುದಿಯಿಂದ ಒಂದೊಂದಾಗಿ ನೋಡುತ್ತಾ ಬರಬೇಡಿ, ನಡುಮಧ್ಯೆ ಅಳೆಯಿರಿ. ಅಲ್ಲಿ 24 ವೋಲ್ಟ್ ಇದ್ದರೆ ಮೊದಲರ್ಧ ಚೆನ್ನಾಗಿದೆ, ಉಳಿದರ್ಧದ ನಡುವೆ ಮತ್ತೆ ಅಳೆಯಿರಿ. ಹದಿನಾರು ಜಾಯಿಂಟ್ ಇದ್ದರೂ ನಾಲ್ಕು ಸಲ ಅಳೆದರೆ ಮುಗಿಯಿತು. 24ರ ಬದಲು 14 ಅಥವಾ 15 ವೋಲ್ಟ್ ಕಂಡರೆ ಸಂಪರ್ಕ ತುಕ್ಕು ಹಿಡಿದಿದೆ, ಅಥವಾ ವೈರಿನ ಎಳೆಗಳಲ್ಲಿ ಒಂದೆರಡೇ ಉಳಿದಿವೆ.

ಬಂದುಹೋಗುವ ದೋಷವೇ ಎಲ್ಲಕ್ಕಿಂತ ಕಾಡುವುದು. ಆಗ ಬಳಸುವವರನ್ನು ಮೂರು ಪ್ರಶ್ನೆ ಕೇಳಿ. ಒಂದೇ ಎತ್ತರದಲ್ಲಿ ನಿಲ್ಲುತ್ತದಾ? ಹಾಗಾದರೆ ಮಡಚಿ ಬಿಚ್ಚುವ ಕೇಬಲ್ ಹೊದಿಕೆಯ ಒಳಗೆ ಮುರಿದಿದೆ, ಹೊರಗಿನಿಂದ ಏನೂ ಕಾಣುವುದಿಲ್ಲ. ಒಂದೇ ಹೊತ್ತಿನಲ್ಲಿ ನಿಲ್ಲುತ್ತದಾ? ಬಿಸಿಗೆ ಸಂಬಂಧಪಟ್ಟದ್ದು. ಒಂದೇ ಭಾರಕ್ಕೆ ನಿಲ್ಲುತ್ತದಾ? ಒತ್ತಡದ ಸ್ವಿಚ್ ಅಥವಾ ಅತಿಭಾರದ ಸೆನ್ಸರ್. ಈ ಉತ್ತರ ಸಿಗದೆ ಪೆಟ್ಟಿಗೆ ತೆರೆದರೆ ನೀವು ನೋಡುವಾಗ ಅದು ಸರಿಯಾಗೇ ಓಡುತ್ತದೆ.

ಪೆಟ್ಟಿಗೆಯೊಳಗೆ ಎರಡು ಟರ್ಮಿನಲ್ ನಡುವೆ ಹೊರಗಿನ ತುಂಡು ವೈರ್ ಕಂಡರೆ ಅಲ್ಲೇ ನಿಲ್ಲಿಸಿ. ನನಗೆ ಒಮ್ಮೆ ಸಿಕ್ಕಿದ್ದು ಗೇಟ್ ಸ್ವಿಚ್ ಹಿಂದೆ, ಅಂದವಾಗಿ ಟೇಪ್ ಸುತ್ತಿದ್ದರು. ಯಾವಾಗಿನಿಂದಲೋ ಗೇಟ್ ತೆರೆದೇ ಪ್ಲಾಟ್‌ಫಾರ್ಮ್ ಏರುತ್ತಿತ್ತು. ನಾನು ಹುಡುಕಲು ಹೋಗಿದ್ದ ದೋಷ ಬೇರೆಯೇ, ಆದರೆ ಅದನ್ನು ಬಿಟ್ಟು ಮೊದಲು ಇದನ್ನು ತೆಗೆದು ಪ್ಲಾಟ್‌ಫಾರ್ಮ್‌ಗೆ ಬಳಸಬೇಡಿ ಅನ್ನುವ ಕೆಂಪು ಚೀಟಿ ಹಾಕಿದೆ. ಬೈಸಿಕೊಂಡೆ, ಇರಲಿ.

ವಿಮಾನದ ಹತ್ತಿರ ಬಂದಾಗ ಬೇಗ ನಿಲ್ಲುತ್ತದೆ, ಅಥವಾ ನಿಲ್ಲುವುದಿಲ್ಲ

ಎರಡನೆಯದು ಆದರೆ ಬಳಕೆ ಬಂದ್. ಚರ್ಚೆ ಬೇಡ.

ಬೇಗ ನಿಲ್ಲುವುದಕ್ಕೆ ಸೆನ್ಸರ್ ಕೆಟ್ಟಿರಲೇಬೇಕು ಅಂತಿಲ್ಲ. ಅಲ್ಟ್ರಾಸಾನಿಕ್ ಸೆನ್ಸರ್ ಸದ್ದು ಕಳಿಸಿ ಮಾರ್ದನಿ ಕೇಳುತ್ತದೆ. ವಿಮಾನದ ಮೈ ದುಂಡಗಿದೆ, ಸದ್ದು ಓರೆಯಾಗಿ ಬಡಿದರೆ ಬೇರೆ ಕಡೆ ಹಾರಿಹೋಗುತ್ತದೆ, ಸೆನ್ಸರ್‌ಗೆ ಏನೂ ಕೇಳಿಸುವುದಿಲ್ಲ. ಏನೂ ಕೇಳಿಸದಿದ್ದರೆ ನಿಲ್ಲುವಂತೆ ಹೊಂದಿಸಿದ ಪ್ಲಾಟ್‌ಫಾರ್ಮ್ ಆಗ ಅಲ್ಲೇ ನಿಲ್ಲುತ್ತದೆ. ಬ್ರಾಕೆಟ್ ಸ್ವಲ್ಪ ಬಾಗಿದ್ದರೂ ಸಾಕು, ಅದರ ಮೇಲೆ ಯಾರೋ ಕಾಲಿಟ್ಟಿರುತ್ತಾರೆ. ಸದ್ದಿನ ವೇಗ 20 ಡಿಗ್ರಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್, ಡಿಗ್ರಿಗೆ 0.6 ಮೀಟರ್‌ನಂತೆ ಬದಲಾಗುತ್ತದೆ. ಉಷ್ಣಾಂಶ ಸರಿದೂಗಿಸುವ ವ್ಯವಸ್ಥೆ ಇಲ್ಲದ ಸೆನ್ಸರ್‌ನಲ್ಲಿ 15 ಡಿಗ್ರಿ ವ್ಯತ್ಯಾಸಕ್ಕೆ ಒಂದು ಮೀಟರ್ ದೂರದಲ್ಲಿ ಎರಡೂವರೆ ಸೆಂಟಿಮೀಟರ್ ತಪ್ಪು ಬರುತ್ತದೆ. ಬೆಳಕಿನ ಸೆನ್ಸರ್ ಆದರೆ ಇನ್ನೊಂದು ಕಥೆ. ಬಿಳಿ ಬಣ್ಣದ ವಿಮಾನಕ್ಕೆ ಹೊಂದಿಸಿದ್ದು ಬಣ್ಣ ತೆಗೆದ ಹೊಳೆಯುವ ಲೋಹಕ್ಕೂ ಹಸಿರು ಪ್ರೈಮರ್‌ಗೂ ಬೇರೆ ತರಹ ವರ್ತಿಸುತ್ತದೆ. ಮಸೂರದ ಮೇಲೆ ಸೀಲಂಟ್ ಬೆರಳಚ್ಚು ಇದೆಯಾ ಅಂತಲೂ ನೋಡಿ.

ಸಂದು ಮುಚ್ಚುವ ಜಾರುಹಲಗೆ ಸಿಕ್ಕಿಹಾಕಿಕೊಂಡರೆ ಜನ ಒದೆಯುತ್ತಾರೆ. ಒದ್ದರೆ ಅದು ಬಿಟ್ಟಾಗ ನೇರ ವಿಮಾನಕ್ಕೇ ಹೋಗಿ ಬಡಿಯುತ್ತದೆ. ಹಳಿಯಲ್ಲಿ ರಿವೆಟ್ ಬಾಲ, ಲಾಕ್‌ವೈರ್ ತುಂಡು, ಗಟ್ಟಿಯಾದ ಸೀಲಂಟ್ ಇರುತ್ತದೆ, ಪ್ಲಾಸ್ಟಿಕ್ ಕೆರೆಯುವ ಪಟ್ಟಿಯಿಂದ ತೆಗೆಯಿರಿ. ತುದಿಯ ರಬ್ಬರ್ ಸವೆದು ಲೋಹ ಕಂಡಿದ್ದರೆ ಆ ಹಲಗೆ ಬಳಸಬೇಡಿ.

ಅಲುಗಾಟ, ಓರೆ

ಎ320ರ ಬಾಲದ ತುದಿ ನೆಲದಿಂದ ಸುಮಾರು 12 ಮೀಟರ್, ಎ380ರದ್ದು 24. ಮೂರು ಮೀಟರ್ ಅಗಲದ ತಳದಲ್ಲಿ ಒಂದು ಪಾದ 5 ಮಿಮೀ ಕುಸಿದರೆ 12 ಮೀಟರ್ ಮೇಲೆ 20 ಮಿಮೀ ವಾಲುತ್ತದೆ. ಹಾಗಾಗಿ ಮೇಲೆ ಅಲುಗಾಡುತ್ತದೆ ಅಂದರೆ ಕೆಳಗಿನಿಂದ ಹುಡುಕಿ. ಪ್ರತಿ ಪಾದವನ್ನೂ ಕೈಯಲ್ಲಿ ತಿರುಗಿಸಿ ನೋಡಿ. ಸಲೀಸಾಗಿ ತಿರುಗಿದರೆ ಅದು ಭಾರ ಹೊತ್ತಿಲ್ಲ. ಗಾಲಿ ಬ್ರೇಕ್ ಹಿಡಿಯದಿದ್ದರೆ ನೆಲದ ಎಣ್ಣೆಯೇ ಬಹಳ ಸಲ ಕಾರಣ.

ಒಂದು ಬದಿ ಮುಂದೆ, ಇನ್ನೊಂದು ಹಿಂದೆ ಏರುತ್ತಿದ್ದರೆ ಪೂರ್ತಿ ಕೆಳಗಿಳಿಸಿ, ತಳ ಮುಟ್ಟಿದ ಮೇಲೂ ಇಳಿಸುವ ಗುಂಡಿಯನ್ನು ಕೆಲವು ಸೆಕೆಂಡ್ ಹಿಡಿಯಿರಿ. ಎರಡು ಸಿಲಿಂಡರ್ ಮತ್ತೆ ಸಮನಾಗಲು ಇದು ಬೇಕಾಗುತ್ತದೆ. ಪ್ರತಿ ಸಲ ಮತ್ತೆ ಓರೆಯಾದರೆ ಒಂದು ಸಿಲಿಂಡರ್‌ನಲ್ಲಿ ಗಾಳಿ ಇದೆ, ಇಲ್ಲವೇ ಆಯಿಲ್ ಹಂಚುವ ವಾಲ್ವ್ ಸವೆದಿದೆ.

ಟೆಲಿಪ್ಲಾಟ್‌ಫಾರ್ಮ್ ಮಧ್ಯದಲ್ಲಿ ನಿಂತರೆ

ಮೇಲೆ ಜನ ಇದ್ದರೆ ಮೊದಲು ಅವರನ್ನು ಕೈವ್ಯವಸ್ಥೆಯಿಂದ ಇಳಿಸಿ. ಮೇಲಿದ್ದವರ ಕೈಯಲ್ಲಿ ಗುಂಡಿ ಒತ್ತಿಸುತ್ತಾ ದೋಷ ಹುಡುಕುವುದು ಬೇಡ. ಹೆಚ್ಚಿನ ಸಲ, ಎತ್ತುವ ತಂತಿ ಹಗ್ಗ ಸಡಿಲವಾಗಿದೆ ಅಂತ ಪತ್ತೆಹಚ್ಚುವ ಸ್ವಿಚ್ ಟ್ರಿಪ್ ಆಗಿರುತ್ತದೆ. ತಳ ಯಾವುದಕ್ಕೋ ತಾಗಿ ಭಾರ ಅದರ ಮೇಲೆ ಕೂತಿದೆ ಅಂತ ಅರ್ಥ, ಮತ್ತು ಆ "ಯಾವುದೋ" ವಿಮಾನವೇ ಆಗಿರಬಹುದು. ಸ್ವಿಚ್ ರೀಸೆಟ್ ಮಾಡುವ ಮೊದಲು ಟಾರ್ಚ್ ಹಿಡಿದು ಸುತ್ತ ನೋಡಿ. ಏನೂ ತಾಗಿಲ್ಲದಿದ್ದರೆ ಮಾಸ್ಟ್‌ನ (ಪ್ಲಾಟ್‌ಫಾರ್ಮ್ ನೇತಾಡುವ ಕಂಬದ) ಕೊಳವೆಗಳು ಒಂದರೊಳಗೊಂದು ಬಿಗಿದಿವೆಯಾ, ಹಗ್ಗ ಡ್ರಮ್ ಮೇಲೆ ಒಂದರ ಮೇಲೊಂದು ಸುತ್ತಿಕೊಂಡಿದೆಯಾ ನೋಡಬೇಕು. ತಂತಿ ಹಗ್ಗವನ್ನು ಒರೆಸಿ ಪರೀಕ್ಷಿಸಿ. ಅಮೆರಿಕದ ಕ್ರೇನ್ ನಿಯಮದ ಪ್ರಕಾರ ಓಡುವ ಹಗ್ಗದ ಒಂದು ಸುತ್ತಿನ ಉದ್ದದಲ್ಲಿ (ಒಂದು ಪಿರಿ ಹಗ್ಗದ ಸುತ್ತ ಪೂರ್ತಿ ಒಂದು ಸಲ ಸುತ್ತಿ ಬರುವಷ್ಟು ಉದ್ದದಲ್ಲಿ) ಅಲ್ಲಲ್ಲಿ 6 ಎಳೆ ಮುರಿದಿದ್ದರೆ, ಅಥವಾ ಒಂದೇ ಪಿರಿಯಲ್ಲಿ 3 ಮುರಿದಿದ್ದರೆ ಅದರ ಕಥೆ ಮುಗಿದಂತೆ. ಜನರನ್ನು ಹೊರುವ ಹಗ್ಗಕ್ಕೆ ತಯಾರಕರು ಇನ್ನೂ ಬಿಗಿ ಮಿತಿ ಕೊಟ್ಟಿದ್ದರೆ ಅದನ್ನೇ ಹಿಡಿಯಿರಿ.

ವಾಪಸ್ ಕೊಡುವ ಮೊದಲು

ಬಿಚ್ಚಿದ ಸ್ಕ್ರೂ ಎಣಿಸಿ, ಪರೀಕ್ಷೆಗೆ ಹಾಕಿದ ವೈರ್ ತೆಗೆದಿದ್ದೀರಾ ನೋಡಿ, ಪ್ರತಿ ಸ್ಟಾಪ್ ಗುಂಡಿಯನ್ನೂ ಪ್ರತಿ ಗೇಟನ್ನೂ ಒಂದೊಂದಾಗಿ ತೆರೆದು ನಿಜವಾಗಿ ನಿಲ್ಲುತ್ತದಾ ಪರೀಕ್ಷಿಸಿ. ಯುರೋಪಿನ ಇಎನ್ 12312-8 ಮಾನದಂಡ ಇಂಥ ವಿಮಾನ ದುರಸ್ತಿ ಮೆಟ್ಟಿಲು, ಪ್ಲಾಟ್‌ಫಾರ್ಮ್‌ಗಳಿಗೆಂದೇ ಇದೆ, ನಿಮ್ಮ ಪ್ಲಾಟ್‌ಫಾರ್ಮ್ ಅದರಂತೆ ಮಾಡಿದ್ದಾದರೆ ತೆಗೆದ ಕಂಬಿ, ಅಂಚುಪಟ್ಟಿಗಳನ್ನು ಇದ್ದ ಹಾಗೇ ಕೂರಿಸಿ, "ಅಡ್ಡ ಬರುತ್ತೆ" ಅಂತ ಯಾರಾದರೂ ಹೇಳಿದರೂ ಸರಿ. ದೋಷದ ಹೊತ್ತಿನಲ್ಲಿ ಪ್ಲಾಟ್‌ಫಾರ್ಮ್ ವಿಮಾನಕ್ಕೆ ತಾಗಿದ್ದರೆ, ಗೀರು ಕಾಣದಿದ್ದರೂ, ವಿಮಾನದ ಕಡೆಯ ಎಂಜಿನಿಯರ್‌ಗೆ ಹೇಳಿ ದಾಖಲು ಮಾಡಿಸಿ. ಆ ಡೆಂಟ್ ಪರವಾಗಿಲ್ಲವಾ ಅಂತ ಹೇಳುವುದು ಅವರ ಸ್ಟ್ರಕ್ಚರಲ್ ರಿಪೇರಿ ಮ್ಯಾನ್ಯುವಲ್, ನಾವಲ್ಲ.

ಕೊನೆಗೆ ಫಲಕದಲ್ಲಿ ಬರೆದ ಪೂರ್ತಿ ಭಾರ ಇಟ್ಟು, ಏರಿಸಿ, ಅದೇ ನೆಲದ ಗುರುತಿನಿಂದ ಅಳೆದು, ಎತ್ತರ, ಉಷ್ಣಾಂಶ, ಗಂಟೆ ಮೂರನ್ನೂ ಒಂದು ಚೀಟಿಯಲ್ಲಿ ಬರೆದು ಕಂಬಿಗೆ ಕಟ್ಟಿ. ಬೆಳಿಗ್ಗೆ ಬರುವ ಪಾಳಿಯವರು ಮತ್ತೆ ಅಳೆದು ಅದರ ಕೆಳಗೇ ಬರೆಯಲಿ. ಆ ರಾತ್ರಿ ವಿಮಾನದಿಂದ ಇಂಧನ ತೆಗೆದಿದ್ದರೆ ಅದನ್ನೂ.